ಹದಿನೈದು ಇಂಚಿನ ಸುಖ

ನನ್ನಿಂದ ಇದು ಆಗಲಿಕ್ಕಿಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಮನೆಯ ಯಜಮಾನಿಕೆ ಅವರದು, ಕೊನೆಯ ಮಾತೂ ಅವರದು. "ಬಲೆ ಹೆಣೆಯುವ ಕೈ ಬಸ್ಸಿನ ಸೀಟು ಹೊಲಿಯುತ್ತದಾ? ಮೀನು ಹಿಡಿಯುವುದಕ್ಕೂ ಮನುಷ್ಯರನ್ನು ಕೂರಿಸುವುದಕ್ಕೂ ವ್ಯತ್ಯಾಸ ಉಂಟು ಮಾರಾಯ್ತಿ" ಎಂದರು. ಎರಡನೆಯವರು ಬಸ್ಸಿನ ಬಾಡಿ ಕಟ್ಟುವ ಆಚಾರಿ. "ಹೆಂಗಸು ಹೊಲಿದದ್ದರ ಮೇಲೆ ಗಂಡಸರು ಕೂರುತ್ತಾರಾ?" ಎಂದು ಕೇಳಿದರು. ಅವರು ತೊಟ್ಟಿದ್ದ ಅಂಗಿ ಹೊಲಿದದ್ದು ಅವರ ಹೆಂಡತಿ. ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಸೀಟಿನ ಅಡಿಗೆ ನನಗೆ ಅವರ ಹಲಗೆ ಬೇಕಿತ್ತು. ಮೂರನೆಯವಳು ನೆರೆಮನೆಯವಳು. ಅವಳು ಯಾವುದಕ್ಕೂ "ಆಗ್ತದೆ" ಎಂದವಳಲ್ಲ, ಆದ್ದರಿಂದ ಅವಳನ್ನು ಬಿಡಿ.

ಸೀಟು ಹೊಲಿಯುವವಳ ಬದುಕಿನಲ್ಲಿ ನಗುವಂಥದ್ದು ಎಂತ ಉಂಟು ಎಂದು ಕೇಳುವವರು ಒಂದು ವಾರ ಹಂಪನಕಟ್ಟೆಯಲ್ಲಿ ಬಸ್ಸುಗಳ ಹತ್ತಿರ ನಿಂತು ನೋಡಬೇಕು. ಮನುಷ್ಯ ನಿಂತಿರುವಷ್ಟು ಹೊತ್ತು ಗಂಭೀರವಾಗಿಯೇ ಇರುತ್ತಾನೆ. ಕೂರಲು ಜಾಗ ಕೊಟ್ಟಿರೋ, ಏನಾದರೊಂದು ಆಗಿಯೇ ಆಗುತ್ತದೆ.

ಆಗೆಲ್ಲ ಬಸ್ಸಿನ ಸೀಟು ಅಂದರೆ ಬರೀ ಹಲಗೆ. ಮಣ್ಣಿನ ರಸ್ತೆ, ಗುಂಡಿಗೊಂದು ನೆಗೆತ. ಮೂಡಬಿದ್ರೆಗೆ ಹೋಗಿ ಬಂದವರು ಎರಡು ದಿನ ಬೋರಲು ಮಲಗುತ್ತಿದ್ದರು. ತಿಳಿದವರು ಮನೆಯಿಂದಲೇ ಗೋಣಿ ಮಡಚಿ ತರುತ್ತಿದ್ದರು. ನಮ್ಮ ಊರಿನಲ್ಲಿ ಆರು ಬಸ್ಸು ಓಡಿಸುವ ಧನಿಯೊಬ್ಬರಿದ್ದರು. ನಾನು ತೆಂಗಿನ ನಾರನ್ನು ಚೆನ್ನಾಗಿ ಬಡಿದು, ಗೋಣಿಯೊಳಗೆ ತುಂಬಿ, ಮೇಲೆ ಕ್ಯಾನ್ವಾಸ್ ಹೊದೆಸಿ ಒಂದು ಮೆತ್ತೆ ಹೊಲಿದು ಅವರ ಜಗಲಿಗೆ ತೆಗೆದುಕೊಂಡು ಹೋದೆ. ಅವರು ಅದರ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದರು. ಎದ್ದೇಳಲಿಲ್ಲ. ಇನ್ನೊಂದು ಲೋಟ ತರಿಸಿದರು. ಆಮೇಲೆ ಹೇಳಿದರು: "ಒಂದು ಬಸ್ಸು ಕೊಡ್ತೇನೆ. ವರ್ಷದ ತಪಾಸಣೆಗೆ ಬ್ರೇಕ್ ಇನ್‌ಸ್ಪೆಕ್ಟರ್ ಬರ್ತಾರೆ. ಅವರು ಪಾಸು ಮಾಡಿದರೆ ಉಳಿದ ಐದು ಬಸ್ಸೂ ನಿನಗೆ. ಇಲ್ಲದಿದ್ದರೆ ಎಲ್ಲ ಕಿತ್ತು ಹಲಗೆಯೇ ಹಾಕಿಸ್ತೇನೆ."

ಮಾವನಿಗೂ ನಾನು ಮಾತು ಕೊಟ್ಟಿದ್ದೆ. ತಪಾಸಣೆಯಲ್ಲಿ ಸೋತರೆ ಮನೆಗೆ ಮರಳಿ ಬಂದು ಬಲೆ ಹೆಣೆಯುತ್ತಾ ಕೂರುತ್ತೇನೆ, ಬಾಯಿ ತೆರೆಯುವುದಿಲ್ಲ ಎಂದು. ಬಲೆ ಹೆಣೆಯುವುದು ಕಷ್ಟವಲ್ಲ. ಬಾಯಿ ತೆರೆಯದೆ ಇರುವುದು ನನ್ನ ಜನ್ಮದಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಗೆಲ್ಲಲೇಬೇಕಿತ್ತು. ಮಣ್ಣಗುಡ್ಡದಲ್ಲಿ ತೆಂಗಿನ ಮಡಲು ಹೊದೆಸಿದ ಒಂದು ಕೊಟ್ಟಿಗೆ ಬಾಡಿಗೆಗೆ ಹಿಡಿದು, ದಬ್ಬಣ ಕೈಗೆತ್ತಿಕೊಂಡೆ.

ಚಪ್ಪಲಿಯ ಸಾಲು

ಎಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಸ ಸೀಟಿನ ಬಸ್ಸು ಮೂಡಬಿದ್ರೆಗೆ ಹೊರಟಿತು. ನಾನು ನೋಡಲು ಹೋಗಿದ್ದೆ. ಜನ ಹತ್ತಿದರು, ಕೂತರು, ಒಂದು ಸಲ ಮೇಲೆ ಕೆಳಗೆ ಆಡಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಬಸ್ಸು ಹೋಯಿತು. ಧೂಳು ಇಳಿದ ಮೇಲೆ ನೋಡುತ್ತೇನೆ, ರಸ್ತೆಯ ಬದಿಯಲ್ಲಿ ಒಂಬತ್ತು ಜೊತೆ ಚಪ್ಪಲಿ, ಮದುವೆ ಮನೆಯ ಬಾಗಿಲಿನಲ್ಲಿ ಬಿಟ್ಟ ಹಾಗೆ ಸಾಲಾಗಿ.

ಮೆತ್ತೆ ಹಾಸಿದ ಕಡೆಗೆ ಚಪ್ಪಲಿ ಹಾಕಿಕೊಂಡು ಹೋಗುವುದು ನಮ್ಮವರ ಮರ್ಯಾದೆಯಲ್ಲ. ಹಲಗೆಯ ಬಸ್ಸಿಗೆ ಯಾರೂ ಚಪ್ಪಲಿ ಬಿಟ್ಟು ಹತ್ತಿದವರಲ್ಲ. ಮೆತ್ತೆ ಕಂಡ ಕೂಡಲೆ ಎಲ್ಲರ ಕಾಲೂ ತಾನಾಗಿ ಬಿಚ್ಚಿಕೊಂಡಿತ್ತು. ಮೂಡಬಿದ್ರೆಯಲ್ಲಿ ಇಳಿದು, ಸುಡುವ ಮಣ್ಣಿನ ಮೇಲೆ ಕಾಲಿಟ್ಟಾಗಲೇ ಅವರಿಗೆ ಚಪ್ಪಲಿಯ ನೆನಪಾದದ್ದು. ಸಂಜೆ ಕಂಡಕ್ಟರ್ ಬಂದು ನನ್ನನ್ನೇ ಬೈದ. "ಎಂತ ಅಕ್ಕ, ನೀವು ಸೀಟು ಹೊಲಿದದ್ದಾ ದೇವರ ಕೋಣೆ ಕಟ್ಟಿದ್ದಾ?"

ಧನಿ ಒಂದು ಬೋರ್ಡು ಬರೆಸಿ ಹಾಕಿಸಿದರು: ಚಪ್ಪಲಿ ಹಾಕಿಕೊಂಡೇ ಬಸ್ಸು ಹತ್ತಬೇಕು. ಇದರಿಂದ ಹೊಸ ತೊಂದರೆ ಶುರುವಾಯಿತು. ನಮ್ಮ ಕಡೆ ಆಗ ಅರ್ಧಕ್ಕರ್ಧ ಜನಕ್ಕೆ ಚಪ್ಪಲಿಯೇ ಇರಲಿಲ್ಲ. ಬೋರ್ಡು ಓದಿದವರು ಓದದವರಿಗೆ ಹೇಳಿ, ಬರಿಗಾಲಿನವರೆಲ್ಲ ಹಿಂದೆ ಸರಿದು ನಿಂತರು. ಮೂರನೆಯ ದಿನ ಒಬ್ಬ ಅಜ್ಜ ಬಂದರು. ಬರಿಗಾಲು, ಕಂಕುಳಲ್ಲಿ ಕಾಗದ ಸುತ್ತಿದ ಒಂದು ಜೊತೆ ಚಪ್ಪಲಿ.

"ಅಜ್ಜ, ಚಪ್ಪಲಿ ಹಾಕಿಕೊಳ್ಳಿ" ಎಂದ ಕಂಡಕ್ಟರ್.

"ಭಾವನದ್ದು ಮಾರಾಯ, ಕೇಳಿ ತಂದದ್ದು. ಹಾಕಿದರೆ ಸವೆಯುತ್ತದೆ. ತೋರಿಸಿದರೆ ಸಾಲದಾ?"

ಬೋರ್ಡು ಅವತ್ತೇ ಇಳಿಯಿತು.

ಯಾವುದರ ಚರ್ಮ?

ಮೊದಲ ತಿಂಗಳು ನಾನು ದಿನಾ ಬೆಳಿಗ್ಗೆ ಬಸ್ಸಿನ ಹತ್ತಿರ ಹೋಗುತ್ತಿದ್ದೆ. ಎಲ್ಲಿ ಹೊಲಿಗೆ ಬಿಟ್ಟಿದೆ, ಯಾರು ಎಲ್ಲಿ ಕೈಯಾಡಿಸಿ ಮುಖ ಸಿಂಡರಿಸಿದರು ಎಂದು ನೋಡುವುದು. ಮಡಿಯ ಒಬ್ಬ ಅಮ್ಮನವರು ಬಂದರು, ಕೈಯಲ್ಲಿ ಮರದ ಮಣೆ. ಮೆಟ್ಟಿಲಿಗೆ ಕಾಲಿಟ್ಟವರು ನನ್ನ ಕಂದು ಬಣ್ಣದ ಸೀಟನ್ನು ನೋಡಿ ಅಲ್ಲೇ ನಿಂತುಬಿಟ್ಟರು.

"ಇದು ಯಾವುದರ ಚರ್ಮ?"

"ಚರ್ಮ ಅಲ್ಲ ಅಮ್ಮ, ಕ್ಯಾನ್ವಾಸು. ಅಂದರೆ ದಪ್ಪ ಬಟ್ಟೆ. ಬಣ್ಣ ಕೊಟ್ಟದ್ದು" ಎಂದೆ.

"ಒಳಗೆ?"

"ತೆಂಗಿನ ನಾರು."

"ಹೇಳುವವರು ಹಾಗೇ ಹೇಳ್ತಾರೆ."

ಹಿಂದಿನಿಂದ ಜನ ತಳ್ಳುತ್ತಿದ್ದಾರೆ. ಡ್ರೈವರ್ ಹಾರ್ನು ಒತ್ತುತ್ತಿದ್ದಾನೆ. ಅಮ್ಮನವರು ಮೆಟ್ಟಿಲಿನ ಮೇಲೆ ಮಣೆ ಹಿಡಿದುಕೊಂಡು ಬಾಗಿಲಿಗೆ ಅಗುಳಿ ಹಾಕಿದ ಹಾಗೆ ನಿಂತಿದ್ದಾರೆ. ನನಗೆ ರೇಗಿತು. ಸೊಂಟದಲ್ಲಿದ್ದ ಕತ್ತರಿ ತೆಗೆದು ನಾನೇ ಹೊಲಿದ ಸೀಟಿನ ಒಂದು ಮೂಲೆ ಬಿಚ್ಚಿ, ಒಂದು ಹಿಡಿ ನಾರು ಹೊರಗೆಳೆದು ಅವರ ಮುಂದೆ ಹಿಡಿದೆ. ಅವರು ಬಗ್ಗಿ ನೋಡಿದರು, ಮೂಸಿದರು. "ತೆಂಗೇ ಸರಿ" ಎಂದರು. ಮಣೆಯನ್ನು ಸೀಟಿನ ಕೆಳಗೆ ತಳ್ಳಿ ಕೂತರು. ನಾನು ಮೂಲೆ ಹೊಲಿಯತೊಡಗಿದೆ. ಆಗ ಅವರ ಬಾಯಿಂದ ನಾನು ಕಾಯುತ್ತಿದ್ದ ಪ್ರಶ್ನೆ ಬಂತು.

"ಹೊಲಿದವರು ಯಾರು?"

ಯಾರು ಅಂದರೆ ಯಾವ ಜಾತಿಯವರು ಎಂದು ಬಸ್ಸಿಗೆಲ್ಲ ಅರ್ಥವಾಯಿತು. ನಾನು ತಲೆ ಎತ್ತದೆ, "ದಬ್ಬಣ, ಅಮ್ಮ" ಎಂದೆ.

ಅಮ್ಮನವರು ನನ್ನನ್ನು ನೋಡಿದರು, ಸೀಟನ್ನು ನೋಡಿದರು, ಹಿಂದಕ್ಕೆ ಒರಗಿದರು. ಬೆನ್ನಿಗೆ ಹಲಗೆ ತಾಗಿತು.

"ಹಾಗಾದರೆ ಆ ದಬ್ಬಣಕ್ಕೆ ಹೇಳು, ಬೆನ್ನಿಗೂ ಸ್ವಲ್ಪ ಹಾಕಲಿಕ್ಕೆ."

ಅಳತೆಯ ಗೆರೆ

ನಾನು ಶಾಲೆಗೆ ಹೋದವಳಲ್ಲ. ಅಕ್ಷರ ಕಲಿತದ್ದು ಬಸ್ಸಿನ ಹಣೆಯ ಮೇಲಿನ ಬೋರ್ಡಿನಿಂದ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು; ಹಾಗಾದರೆ ಈ ಗೀಚು "ಕಾ", ಇದು "ರ್ಕ", ಇದು "ಳ" ಎಂದು ಹೊಂದಿಸುತ್ತಾ ಹೋದೆ. ಆಮೇಲೆ ಒಣಮೀನು ಕಟ್ಟಿಕೊಡುವ ಪತ್ರಿಕೆಯ ಹಾಳೆಗಳು. ವಾಸನೆ ತಡೆದುಕೊಂಡರೆ ಅದರಲ್ಲಿ ಪ್ರಪಂಚವೇ ಇತ್ತು. ಹಾಗಾಗಿ ಧನಿಯ ಕಚೇರಿಯಲ್ಲಿ ಬಸ್ಸಿನ ನಿಯಮಗಳನ್ನು ಕನ್ನಡದಲ್ಲಿ ಬರೆಸಿಟ್ಟ ಕಾಗದವನ್ನು ನಾನೇ ಓದಿದೆ. ಒಬ್ಬ ಪ್ರಯಾಣಿಕನಿಗೆ ಹದಿನೈದು ಇಂಚು ಅಗಲದ ಜಾಗ ಕೊಡಬೇಕು ಎಂದಿತ್ತು. ಯಾವ ಪ್ರಯಾಣಿಕನಿಗೆ ಎಂದು ಇರಲಿಲ್ಲ. ನಿಯಮ ಬರೆದವರು ನಮ್ಮ ಜವಳಿ ಅಂಗಡಿಯ ಸಾಹುಕಾರರನ್ನು ನೋಡಿದವರಲ್ಲ.

ಒಂದು ಬೆಂಚಿಗೆ ನಾಲ್ಕು ಜನ. ಜಗಳವಾಗಬಾರದೆಂದು ನಾನು ಹದಿನೈದು ಇಂಚಿಗೊಂದರಂತೆ ಬಿಳಿ ನೂಲಿನಲ್ಲಿ ಗೆರೆ ಹೊಲಿದಿದ್ದೆ. ಅದರಿಂದಲೇ ಜಗಳ ಶುರುವಾಯಿತು. ಮೊದಲು ಒತ್ತಿಕೊಂಡು ಕೂರುತ್ತಿದ್ದವರು ಈಗ ಗದ್ದೆಯ ಬದುವಿಗೆ ಹೊಡೆದಾಡಿದ ಹಾಗೆ ಗೆರೆಗೆ ಹೊಡೆದಾಡತೊಡಗಿದರು. ಸಾಹುಕಾರರ ಅಂಗಡಿ ಗುರುಪುರದಲ್ಲಿ, ದಿನಾ ಹೋಗುವವರು. ಅವರು ಕೂತರೆ ಆಚೆ ಒಂದು ಗೆರೆ, ಈಚೆ ಒಂದು ಗೆರೆ ಕಾಣುತ್ತಲೇ ಇರಲಿಲ್ಲ.

"ಸಾಹುಕಾರ್ರೆ, ಎರಡು ಟಿಕೇಟು ಆಗ್ತದೆ" ಎಂದ ಕಂಡಕ್ಟರ್.

"ನನಗೆ ಎರಡು ತಲೆ ಉಂಟಾ?"

"ನಿಯಮದಲ್ಲಿ ತಲೆಯ ಅಳತೆ ಕೊಟ್ಟಿಲ್ಲ ಮಾರಾಯ್ರೆ."

ಪಕ್ಕದಲ್ಲಿ ಅದೇ ಊರಿನ ಶಾಲೆಗೆ ಹೋಗುವ ಒಬ್ಬರು ಮಾಸ್ಟ್ರು ಕೂರುತ್ತಿದ್ದರು. ಬಲೆ ಒಣಗಿಸುವ ಗಳುವಿನಷ್ಟು ತೆಳ್ಳಗೆ. "ನನಗೆ ಒಂಬತ್ತು ಇಂಚು ಧಾರಾಳ. ಉಳಿದದ್ದು ಇವರು ಇಟ್ಟುಕೊಳ್ಳಲಿ" ಎಂದರು. ಅಂದಿನಿಂದ ಸಾಹುಕಾರರು ಮಾಸ್ಟ್ರು ಬಾರದೆ ಬಸ್ಸು ಹತ್ತುತ್ತಿರಲಿಲ್ಲ. ಮಾಸ್ಟ್ರಿಗೆ ಜ್ವರ ಬಂದ ದಿನ ಅಂಗಡಿಗೇ ರಜೆ. ಆ ಬೇಸಿಗೆಯಲ್ಲಿ ಮಾಸ್ಟ್ರಿಗೆ ಮದುವೆಯಾಯಿತು. ಸಾಹುಕಾರರು ಪ್ರೀತಿಯಿಂದ ಒಳ್ಳೆಯ ಸೀರೆ ಉಡುಗೊರೆ ಕೊಟ್ಟರು. ಮಾಸ್ಟ್ರ ಹೆಂಡತಿಯ ಕೈಯಡುಗೆ ಊರಿಗೇ ಹೆಸರಾದದ್ದು. ಜಡಿಮಳೆಯ ಆಟಿ ತಿಂಗಳು ಬರುವಾಗ ಮಾಸ್ಟ್ರ ಅಂಗಿಯ ಗುಂಡಿ ಕೂರುತ್ತಿರಲಿಲ್ಲ. ಅದರ ಮುಂದಿನ ಸೋಣ ತಿಂಗಳಲ್ಲಿ ಅವರು ತಮ್ಮ ಹದಿನೈದು ಇಂಚನ್ನೂ ತುಂಬಿಸಿ ಕೂತರು. ಸಾಹುಕಾರರು ಬೆಂಚಿನ ತುದಿಯಲ್ಲಿ ಅರ್ಧ ಗಾಳಿಯಲ್ಲಿ ಕೂತು, ಕಂಬಿ ಹಿಡಿದುಕೊಂಡು, ಬಸ್ಸಿಗೆಲ್ಲ ಕೇಳುವಂತೆ ನಿಟ್ಟುಸಿರು ಬಿಟ್ಟರು.

"ಮಾಸ್ಟ್ರೆ, ಉಡುಗೊರೆ ನಿಮಗೆ ಕೊಟ್ಟದ್ದು ಹೌದು. ಆದರೆ ನೀವು ಉಣ್ಣುವುದು ನನ್ನ ಸೀಟನ್ನು."

ಸೀಟಿನಲ್ಲಿ ನೇಜಿ

ಇದು ನನ್ನ ತಪ್ಪು. ಒಪ್ಪಿಕೊಳ್ಳುತ್ತೇನೆ, ಒಂದೇ ಸಲ.

ಕಡೆಯ ಬೆಂಚು ಹೊಲಿಯುವಾಗ ನನ್ನ ಹತ್ತಿರ ನಾರು ಮುಗಿದಿತ್ತು. ಕಾಯಲು ತಾಳ್ಮೆ ಇರಲಿಲ್ಲ. ಪಕ್ಕದ ಅಂಗಳದಲ್ಲಿ ಬೈಹುಲ್ಲಿನ ರಾಶಿ ಇತ್ತು. ಹಿಂದಿನ ಬೆಂಚಿನಲ್ಲಿ ಕೂರುವವರು ಹೇಗೂ ಎಗರುವವರೇ, ಅವರಿಗೆ ಯಾವುದಾದರೇನು ಎಂದುಕೊಂಡು ಹುಲ್ಲು ತುಂಬಿಬಿಟ್ಟೆ. ಹುಲ್ಲನ್ನು ಸರಿಯಾಗಿ ಬಡಿದಿರಲಿಲ್ಲ. ಅಲ್ಲಲ್ಲಿ ಭತ್ತ ಉಳಿದಿತ್ತು.

ಮಳೆಗಾಲ ಬಂತು. ಬಸ್ಸಿನ ಮಾಡು ಸರಿಯಾಗಿ ಆ ಬೆಂಚಿನ ಮೇಲೆಯೇ ಸೋರಿತು. ಮೊದಲು ವಾಸನೆ ಬಂತು, ಆಮೇಲೆ ಹೊಲಿಗೆಯ ಸಂದಿಯಿಂದ ಹಸಿರು ಮೂತಿ ಕಂಡಿತು. ಕಂಡಕ್ಟರ್ ಅದನ್ನು ಯಾರೋ ಸಿಕ್ಕಿಸಿದ ಹುಲ್ಲುಕಡ್ಡಿ ಎಂದುಕೊಂಡು ಸುಮ್ಮನಿದ್ದ. ಒಂದು ವಾರದಲ್ಲಿ ಬೆಂಚಿನ ಉದ್ದಕ್ಕೂ ಎರಡು ಬೆರಳು ಎತ್ತರದ ಭತ್ತದ ಸಸಿ, ನಾಟಿಗೆ ತಯಾರಾದ ನೇಜಿಯ ಹಾಗೆ, ಸಾಲಾಗಿ. ನನ್ನ ಹೊಲಿಗೆ ನೇರವಾಗಿತ್ತು, ಆದ್ದರಿಂದ ಸಸಿಗಳ ಸಾಲೂ ನೇರವಾಗಿತ್ತು.

ಬೇಸಾಯದ ಮನೆಯ ಶೆಟ್ರೊಬ್ಬರು ಹತ್ತಿದರು. ಬೆಂಚು ಖಾಲಿ ಇದ್ದರೂ ಕೂರಲಿಲ್ಲ. ಬಗ್ಗಿ ಒಂದು ಗರಿಯನ್ನು ಬೆರಳಲ್ಲಿ ಸವರಿ, "ಕಯಮೆ ತಳಿ. ಒಳ್ಳೆ ನೇಜಿ. ನನ್ನ ಗದ್ದೆಯಲ್ಲಿ ಈ ವರ್ಷ ಇಷ್ಟು ಚಂದ ಬರಲಿಲ್ಲ" ಎಂದರು. ಪೈರಿನ ಮೇಲೆ ಕೂರುವುದು ಪಾಪ ಎಂದು ಊರು ಬರುವ ತನಕ ನಿಂತೇ ಹೋದರು. ಬೇರೆಯವರನ್ನೂ ಕೂರಲು ಬಿಡಲಿಲ್ಲ.

ಸುದ್ದಿ ಧನಿಗೆ ಮುಟ್ಟಿತು. ನನ್ನನ್ನು ಕರೆಸಿದರು. ಬಸ್ಸು ಹೋಯಿತು, ಬಲೆಯೇ ಗತಿ ಎಂದುಕೊಂಡು ಹೋಗಿ ನಿಂತೆ. ಅವರು ಬಹಳ ಹೊತ್ತು ಎಲೆ ಅಡಿಕೆ ಜಗಿದರು. ಆಮೇಲೆ ಕೇಳಿದರು:

"ಜಾಗ ನನ್ನದು, ಬೇಸಾಯ ನಿನ್ನದು. ಗೇಣಿ ಎಷ್ಟು ಮುಡಿ ಅಕ್ಕಿ ಕೊಡ್ತಿ?"

ಆ ಭಾನುವಾರ ಬೆಂಚು ಪೂರ್ತಿ ಬಿಚ್ಚಿ ನಾರು ತುಂಬಿದೆ. ನೇಜಿಯನ್ನು ಶೆಟ್ರ ಆಳು ಬಂದು ಬುಟ್ಟಿಯಲ್ಲಿ ತೆಗೆದುಕೊಂಡು ಹೋದ.

ನಂತೂರಿನ ತನಕ

ನವರಾತ್ರಿ ಕಳೆದ ಮೇಲೆ ಇನ್‌ಸ್ಪೆಕ್ಟರ್ ಬಂದರು. ಖಾಕಿ ಬಟ್ಟೆ, ತಲೆಗೆ ದೊಡ್ಡ ಟೊಪ್ಪಿ, ಮುಖದಲ್ಲಿ ನಗುವಿಗೆ ಹದಿನೈದು ಇಂಚು ಹೋಗಲಿ, ಒಂದು ಇಂಚೂ ಜಾಗ ಇಲ್ಲ. ಬಸ್ಸಿನ ಬ್ರೇಕು ನೋಡಿದರು, ದೀಪ ನೋಡಿದರು. ಸೀಟಿನ ಹತ್ತಿರ ಬಂದು ಟೇಪು ಹಿಡಿದು ಒಂದೊಂದು ಗೆರೆ ಅಳೆದರು. ಹೆಬ್ಬೆರಳಿನಲ್ಲಿ ಒತ್ತಿದರು. ಧನಿಯ ಕಡೆ ತಿರುಗಿ, "ಹೊಲಿದದ್ದು ಯಾರು?" ಎಂದರು. ಧನಿ ನನ್ನನ್ನು ತೋರಿಸಿ, ಮೊದಲು ಬಲೆ ಹೆಣೆಯುತ್ತಿದ್ದವಳು ಎಂದರು.

"ಈ ಹೆಂಗಸಾ? ಬಲೆಯ ನೂಲು ಹಾಕಿದ್ದಾಳೋ ಎಂತದೋ. ನಿಂತ ಬಸ್ಸಿನಲ್ಲಿ ಎಲ್ಲ ಸೀಟೂ ಚಂದವೇ. ಓಡುವಾಗ ಎಂತ ಆಗ್ತದೆ ನೋಡಬೇಕು. ಜನ ತುಂಬಿಸಿ. ನಂತೂರಿನ ತನಕ ಹೋಗಿ, ನಾನು ಇಳಿದು ಬರೀತೇನೆ."

ನಂತೂರು ಅಂದರೆ ಅದೇ ಮೂಡಬಿದ್ರೆ ದಾರಿಯಲ್ಲಿ, ಪಕ್ಕದಲ್ಲೇ. ಆದರೆ ಕದ್ರಿಯ ಏರು ದಾಟಬೇಕು. ಸಡಿಲಾದದ್ದು ಯಾವುದಿದ್ದರೂ ಆ ಏರಿನಲ್ಲಿ ಉದುರುತ್ತದೆ. ಇನ್‌ಸ್ಪೆಕ್ಟರ್ ಮುಂದಿನ ಬೆಂಚಿನ ಮೂಲೆಯಲ್ಲಿ ಕೂತರು. ನಾನು ಎರಡು ಬೆಂಚು ಹಿಂದೆ. ನನ್ನ ಕಣ್ಣು ಅವರ ಕುತ್ತಿಗೆಯ ಮೇಲೆ. ಅಲ್ಲಿ ಒಂದು ನರ ಬಿಗಿದರೂ ನನ್ನ ಕತೆ ಮುಗಿಯಿತು.

ಏರಿನ ಬುಡದಲ್ಲಿ ಆ ಕುತ್ತಿಗೆ ಸ್ವಲ್ಪ ಎಡಕ್ಕೆ ವಾಲಿತು. ಅರ್ಧ ಏರಿಗೆ ಬಲಕ್ಕೆ ವಾಲಿತು. ಏರು ಮುಗಿಯುವಾಗ ಟೊಪ್ಪಿ ಮೂಗಿನ ಮೇಲೆ ಇಳಿಯಿತು. ನಂತೂರಿನಲ್ಲಿ ಬಸ್ಸು ನಿಂತಾಗ ಟೊಪ್ಪಿಯ ಒಳಗಿನಿಂದ ಗೊರಕೆ ಕೇಳುತ್ತಿತ್ತು.

ಕಂಡಕ್ಟರ್ ತುದಿಗಾಲಿನಲ್ಲಿ ನನ್ನ ಹತ್ತಿರ ಬಂದ. "ಅಕ್ಕ, ಮಲಗಿದ್ದಾರೆ."

"ಎಬ್ಬಿಸು."

"ನಾನಾ? ಎಬ್ಬಿಸಿದರೆ ಸಿಟ್ಟು ಬರ್ತದೆ. ಸಿಟ್ಟು ಬಂದರೆ ಬಸ್ಸು ಫೇಲು."

"ಎಬ್ಬಿಸದಿದ್ದರೆ?"

ಅವನು ಯೋಚಿಸಿದ. "ಮಲಗಿದವರು ಫೇಲು ಮಾಡಿದ್ದು ನಾನು ನೋಡಿಲ್ಲ."

ಡ್ರೈವರನಿಗೆ ಅಷ್ಟು ಸಾಕಾಯಿತು. ಬಸ್ಸು ಮುಂದೆ ಹೋಯಿತು. ಆ ದಿನದ ಹಾಗೆ ಆ ಬಸ್ಸು ಮೊದಲು ಓಡಿರಲಿಲ್ಲ, ಆಮೇಲೂ ಓಡಲಿಲ್ಲ. ಡ್ರೈವರ್ ಹಾರ್ನಿನ ರಬ್ಬರ್ ಉಂಡೆಯನ್ನೇ ಕಳಚಿ ಮಡಿಲಲ್ಲಿ ಇಟ್ಟುಕೊಂಡ. ದಾರಿಯಲ್ಲಿ ಕೋಳಿ ಅಡ್ಡ ಬಂದರೆ ಕಂಡಕ್ಟರ್ ಇಳಿದು ಕೈಯಿಂದ ಓಡಿಸಿದ. ಮಡಕೆ ಸಾಗಿಸುವವನೊಬ್ಬ ತನ್ನ ಮಡಕೆಗಳು ಒಂದಕ್ಕೊಂದು ತಾಗದ ಹಾಗೆ ಎರಡು ಕೈ, ಎರಡು ಮೊಣಕಾಲು, ಗಲ್ಲ, ಎಲ್ಲ ಕೊಟ್ಟು ಹಿಡಿದುಕೊಂಡ. ತವರಿಗೆ ಹೊರಟವಳೊಬ್ಬಳು ಅಳಲು ಬಾಯಿ ತೆರೆದ ಮಗುವಿಗೆ, "ಶ್! ಮಾಮ ಪಾಸು ಮಾಡ್ತಾ ಇದ್ದಾರೆ" ಎಂದಳು. ಒಬ್ಬ ಮುದುಕರಿಗೆ ಕುಲಶೇಖರದಲ್ಲಿ ಕೆಮ್ಮು ಬಂತು. ಶಾಲನ್ನು ಬಾಯಿಗೆ ತುರುಕಿ ವಾಮಂಜೂರಿನ ತನಕ ತಡೆದುಕೊಂಡು, ಬಸ್ಸು ನಿಲ್ಲುವ ಮೊದಲೇ ಇಳಿದು, ಒಂದು ಮರವನ್ನು ಅಪ್ಪಿಕೊಂಡು ಅಷ್ಟನ್ನೂ ಒಟ್ಟಿಗೆ ಕೆಮ್ಮಿದರು. ಗುರುಪುರದ ಸೇತುವೆಯಲ್ಲಿ ಎದುರಿನಿಂದ ಬಂದ ಎತ್ತಿನ ಗಾಡಿಯವನು ಜೋರಾಗಿ ಬೈಯಲು ಹೊರಟ. ಬಸ್ಸಿನ ಎಲ್ಲ ಕಿಟಕಿಗಳಿಂದಲೂ ಕೈಗಳು ಹೊರಗೆ ಬಂದು ಅವನಿಗೆ ಮುಗಿದವು. ಅವನು ಹೆದರಿ ಗಾಡಿ ಹಿಂದೆ ತೆಗೆದ.

ಮೂಡಬಿದ್ರೆಯಲ್ಲಿ ಬಸ್ಸು ನಿಂತಿತು. ಎಂಜಿನಿನ ಸದ್ದೂ ನಿಂತದ್ದೇ ಅವರಿಗೆ ಎಚ್ಚರವಾಯಿತು. ಟೊಪ್ಪಿ ಸರಿಮಾಡಿಕೊಂಡು, ಟೇಪು ಹಿಡಿದು, "ಹ್ಞಾ, ನಂತೂರು ಬಂತಾ?" ಎಂದರು.

"ಬಂತು ಸಾರ್" ಎಂದ ಕಂಡಕ್ಟರ್. ಸುಳ್ಳು ಹೇಳುವವನಲ್ಲ, ಆದ್ದರಿಂದ ಸೇರಿಸಿದ: "ಹೋಯ್ತು ಸಹ."

ಅವರು ಹೊರಗೆ ನೋಡಿದರು. "ಇದು ಯಾವ ಊರು?"

"ಮೂಡಬಿದ್ರೆ ಸಾರ್."

ಮುಖ ಕೆಂಪಾಯಿತು. "ಎಬ್ಬಿಸಲಿಕ್ಕೆ ಒಬ್ಬರಿಗೂ ಕೈ ಇರಲಿಲ್ವಾ?"

ನಾನು ಎದ್ದು ನಿಂತೆ. ನನ್ನ ಬಾಯಿ ಯಾವತ್ತೂ ನಡುಗುವುದಿಲ್ಲ, ಅದು ನನ್ನ ಪುಣ್ಯ.

"ಸಾರ್, ತಪ್ಪು ಇದ್ದರೆ ನನ್ನದು. ಹೊಲಿದವಳು ನಾನು. ಇಷ್ಟು ದೂರ ಕೂತು ನೋಡಿದ್ದೀರಿ. ಎಲ್ಲಿ ನೋಯ್ತದೆ ಹೇಳಿ, ಇಲ್ಲಿಯೇ ಬಿಚ್ಚಿ ಹೊಲಿದು ಕೊಡ್ತೇನೆ."

ಅವರು ಎದ್ದು ನಿಂತು ಸೊಂಟಕ್ಕೆ ಕೈ ಹಚ್ಚಿದರು. ಬೆನ್ನು ಒತ್ತಿ ನೋಡಿಕೊಂಡರು. ಕುತ್ತಿಗೆ ಆಚೆ ಈಚೆ ತಿರುಗಿಸಿದರು. ಎಲ್ಲಾದರೂ ಒಂದು ನೋವು ಸಿಗುತ್ತದೋ ಎಂದು ಮನುಷ್ಯ ಅಷ್ಟು ಆಸೆಯಿಂದ ಹುಡುಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಗಲಿಲ್ಲ. ಮೆಲ್ಲನೆ ನನ್ನೊಬ್ಬಳಿಗೇ ಕೇಳುವಂತೆ, "ಮನೆಯಲ್ಲಿ ಎಳೆಗೂಸು ಉಂಟು. ಎರಡು ತಿಂಗಳಾಯ್ತು ನಾನು ಕಣ್ಣು ಮುಚ್ಚದೆ" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಪುಸ್ತಕ ತೆರೆದು, ಬಸ್ಸಿಗೆ ಒರಗಿಕೊಂಡು ಬಹಳ ಹೊತ್ತು ಬರೆದರು. ಇಂಗ್ಲಿಷು. ನನಗೆ ಓದಲು ಬರುತ್ತಿರಲಿಲ್ಲ, ಅದೊಂದು ಸಂಕಟ.

"ಎಂತ ಬರೆದದ್ದು ಸಾರ್?"

"ಪಾಸು. ಎಲ್ಲ ಬಸ್ಸಿಗೂ ಹಾಕಬಹುದು" ಎಂದರು. "ಒಂದು ಷರತ್ತು ಉಂಟು. ಈ ಮೆತ್ತೆಯನ್ನು ಯಾವ ಕಾರಣಕ್ಕೂ ಡ್ರೈವರನ ಸೀಟಿಗೆ ಹಾಕಕೂಡದು."

\*

ಉಳಿದ ಐದು ಬಸ್ಸೂ ಬಂತು. ಆಮೇಲೆ ಬೇರೆ ಧನಿಗಳದ್ದೂ ಬಂತು. ಈಗ ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಲಿನಿಂದ ಓಡಿಸುತ್ತಿದ್ದ ಬಸ್ಸುಗಳೂ ಹೋಗಿ ಮತ್ತೆ ಪೆಟ್ರೋಲಿನವು ಓಡುತ್ತಿವೆ. ಮಣ್ಣಗುಡ್ಡದಲ್ಲಿ ಹೆಂಚಿನ ಮಾಡಿನ ಕಾರ್ಖಾನೆ ನನ್ನದು. ಎರಡು ಹೊಲಿಗೆ ಯಂತ್ರ, ನಾರು ಬಡಿಯುವ ಕಲ್ಲು, ನನ್ನ ಹತ್ತಿರ ಕೆಲಸ ಕಲಿತ ನಾಲ್ಕು ಹೆಂಗಸರು, ಗೋಡೆಯ ಕಪಾಟಿನಲ್ಲಿ ನನ್ನದೇ ಅಂತ ಕೊಂಡು ಓದಿದ ಪುಸ್ತಕಗಳು. ಯಾವುದೂ ಬೇರೆಯವರ ಹೆಸರಿನಲ್ಲಿಲ್ಲ.

ಇದಕ್ಕೆ ಕೊಟ್ಟದ್ದು ನನ್ನ ಬೆನ್ನು. ಇಷ್ಟು ವರ್ಷ ಸೀಟಿನ ಮೇಲೆ ಬಗ್ಗಿ ಬಗ್ಗಿ, ಈಗ ಯಾವ ಸೀಟಿನಲ್ಲಿಯೂ ಐದು ನಿಮಿಷ ಕೂರಲು ಆಗುವುದಿಲ್ಲ, ನಾನೇ ಹೊಲಿದದ್ದರಲ್ಲಿ ಸಹ. ಬಸ್ಸು ಹತ್ತಿದರೆ ಕಂಬಿ ಹಿಡಿದು ನಿಂತೇ ಹೋಗುತ್ತೇನೆ. ಹೊಸ ಕಂಡಕ್ಟರುಗಳು "ನಿಲ್ಲಲಿಕ್ಕಿಲ್ಲ ಅಕ್ಕ, ಕೂತುಕೊಳ್ಳಿ" ಎನ್ನುತ್ತಾರೆ. ನಾನು ಕೇಳುವುದಿಲ್ಲ. ನಿಂತರೆ ಎಲ್ಲ ಬೆಂಚೂ ಕಾಣುತ್ತದೆ. ಯಾರು ಯಾರು ನಿದ್ದೆ ಹೋದರು ಎಂದು ಎಣಿಸಿಕೊಂಡು ಹೋಗಬಹುದು.